ನಿದ್ದೆ ತಂದ ಮಾತ್ರೆ

ಶ್ರೀ

ಮನೀಶ್ ನಗರ, ನಾಗಪುರ
೧೯ ನವೆಂಬರ್ ೨೦೦೩, ಬುಧವಾರ

ಚಿ. ಸೌ. ರಾಗಿಣಿಗೆ,

ಮಗಳೇ, ನಿನ್ನ ಆಯಿಯ ಆಶೀರ್ವಾದ. ನೀನೂ ಗಿರಿಧರನೂ ಪುಣೆಯಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ನೀನು ಕಳಿಸಿದ ಸೀರೆ ಮುಟ್ಟಿತು. ಮುಟ್ಟಿತೆಂದು ಒಂದು ಸಾಲು ಬರೆಯಲು ಇಷ್ಟು ದಿನ ಬೇಕಾಯಿತು, ಬೇಸರ ಮಾಡಿಕೊಳ್ಳಬೇಡ. ಆಪರೇಶನ್ ಆದ ಕಡೆಯ ಕೈ ಇನ್ನೂ ಬಾತುಕೊಳ್ಳುತ್ತದೆ. ಅರ್ಧ ಪುಟ ಬರೆಯುವಷ್ಟರಲ್ಲಿ ಬೆರಳು ದಪ್ಪಗಾಗಿ ಪೆನ್ನು ಜಾರುತ್ತದೆ. ಆಗ ಎದ್ದು ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗುತ್ತೇನೆ, ಮರುದಿನ ಮತ್ತೆ ಕೂರುತ್ತೇನೆ. ನಡುನಡುವೆ ಅಕ್ಷರದ ಗಾತ್ರ ಬದಲಾದದ್ದು ಕಂಡರೆ ಅಲ್ಲಿ ನಾನು ಮಲಗಿ ಎದ್ದೆನೆಂದು ತಿಳಿದುಕೋ.

ಫೋನಿನಲ್ಲೇ ಹೇಳಬಾರದಿತ್ತೇ ಎಂದು ಕೇಳುತ್ತೀ. ನಾನು ಫೋನು ಮಾಡಿದಾಗಲೆಲ್ಲ "ಆಯಿ, ಮೀಟಿಂಗ್‌ನ್ಯಾಗ ಇದ್ದೀನಿ, ಆಮ್ಯಾಲೆ ಮಾಡ್ತೀನಿ" ಅನ್ನುತ್ತೀ. ಆಮೇಲೆ ಅನ್ನುವುದು ಬರುವುದಿಲ್ಲ. ಕಾಗದಕ್ಕೆ ಮೀಟಿಂಗಿನ ನೆಪ ನಡೆಯುವುದಿಲ್ಲ. ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ಗಿರಿಧರನಿಗೆ ಓದಲು ಬಾರದು, ಇದು ನಿನಗೊಬ್ಬಳಿಗೇ. ನೀನೂ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕು. ಓದು. ನಿಧಾನವಾಗಿಯೇ ಓದು.

ಮೊದಲು ಮನೆಯ ಸುದ್ದಿ. ನಿನ್ನ ಅಪ್ಪ ಮೊನ್ನೆ ಪಕ್ಕದ ಮನೆಯ ಉಮಾಕಾಂತರ ಜೊತೆ ಕಳಮನಾ ಮಾರುಕಟ್ಟೆಗೆ ಹೋಗಿ ಒಂದು ಇಡೀ ಪೆಟ್ಟಿಗೆ ಕಿತ್ತಳೆ ತಂದರು. ರಕ್ತ ಹೆಚ್ಚುತ್ತದೆಂದು ಯಾರೋ ಹೇಳಿದರಂತೆ. ಇಬ್ಬರಿದ್ದೇವೆ, ಯಾರು ತಿನ್ನಬೇಕು? ಕೀಮೋ ಆದಾಗಿನಿಂದ ನನಗೆ ಕಿತ್ತಳೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಆದರೆ ಅವರು ಎದುರಿಗೆ ಕೂತು ನಾರು ಬಿಡಿಸಿ ಒಂದೊಂದೇ ತೊಳೆ ಕೊಡುತ್ತಾರೆ, ನಾನು ಉಸಿರು ಬಿಗಿಹಿಡಿದು ನುಂಗುತ್ತೇನೆ. ಆ ರೋಗದ ಹೆಸರು ಇನ್ನೂ ಅವರ ಬಾಯಿಂದ ಬಂದಿಲ್ಲ. ಓಣಿಯವರಿಗೆ "ಗಂಟಿನ ಆಪರೇಶನ್" ಎಂದಿದ್ದಾರೆ. ನನ್ನೆದುರಿಗೆ "ನಿನ್ನ ಅದು" ಅನ್ನುತ್ತಾರೆ. ಮೂವತ್ತು ವರ್ಷ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಮದ್ದುಗುಂಡಿನ ನಡುವೆ ದುಡಿದ ಮನುಷ್ಯ!

ಜೂನಿನಲ್ಲಿ ನನ್ನ ನಿವೃತ್ತಿಯೂ ಆಯಿತು. ನೀನು ಬರಲಾಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಸಣ್ಣ ಸಮಾರಂಭ ಮಾಡಿದರು. ಕೂದಲಿಲ್ಲದ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದೆ. ಹಾರ ಹಾಕಲು ಬಂದ ಹುಡುಗಿ ನನ್ನ ಮೈ ಮುಟ್ಟದಂತೆ ಹಾರವನ್ನು ದೂರದಿಂದಲೇ ಇಳಿಬಿಟ್ಟಳು. ಮುಟ್ಟಿದರೆ ನೋವಾಗುತ್ತದೆಂದೋ, ಮುಟ್ಟಿದರೆ ಅಂಟುತ್ತದೆಂದೋ, ಕೇಳಲಿಲ್ಲ.

ಆಪರೇಶನ್ನಿಗೆ ನೀನು ಬಂದಿದ್ದೆ, ಇಲ್ಲವೆನ್ನುವುದಿಲ್ಲ. ಎರಡು ದಿನ ಇದ್ದು, ರಿಪೋರ್ಟು ಬರುವ ಮೊದಲೇ ಹೊರಟೆ. ಆಮೇಲೆ ಡಾಕ್ಟರು ಏನು ಕೇಳಿದರು, ನಾನು ಏನು ಹೇಳಿದೆ ಎಂದು ನೀನು ಕೇಳಲೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ.

ಡಾಕ್ಟರ್ ವಸುಧಾ ಅಂತ. ನಿನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬಹುದು. ಎದುರಿಗೆ ನಾನು, ಪಕ್ಕದ ಸ್ಟೂಲಿನ ಮೇಲೆ ನಿನ್ನ ಅಪ್ಪ. ಮೊದಲ ಪ್ರಶ್ನೆ ಮರಾಠಿಯಲ್ಲಿ: "ಪಾಳಿ ಕಿತವ್ಯಾ ವರ್ಷೀ ಸುರು ಝಾಲಿ?" ಪಾಳಿ ಯಾವ ವಯಸ್ಸಿಗೆ ಶುರುವಾಯಿತು. ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಅಂತಲೇ ಬದುಕಿದವಳು, ನೌಕರಿಯ ಮಾತೆಂದುಕೊಂಡು "ಇಪ್ಪತ್ತಕ್ಕೆ" ಎಂದೆ. ಆಕೆ ಗಾಬರಿಯಾಗಿ ತಲೆಯೆತ್ತಿದಳು. ಮುಟ್ಟಿನ ಪಾಳಿ ಎಂದು ಹೊಳೆದಾಗ ನನಗೆ ನಗು ಬಂತು. ನಿನ್ನ ಅಪ್ಪ ಮಾತ್ರ ನೆಲ ನೋಡುತ್ತಿದ್ದರು. "ಹನ್ನೊಂದಕ್ಕೆ" ಎಂದೆ. ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಐದನೆಯ ಇಯತ್ತೆಯ ಪರೀಕ್ಷೆಯ ದಿನ. ನಮ್ಮವ್ವ ನನ್ನನ್ನು ಹಿತ್ತಿಲ ಇದ್ದಲಿನ ಕೋಣೆಯ ಪಕ್ಕ ಚಾಪೆ ಹಾಕಿ ಕೂರಿಸಿ, "ಇಷ್ಟು ಜಲ್ದಿ ಯಾಕ ಬಂತ ನಿನಗ?" ಎಂದು ಹಣೆ ಚಚ್ಚಿಕೊಂಡಿದ್ದಳು. ನಾನು ಕರೆಸಿಕೊಂಡೆನೋ ಎಂಬಂತೆ.

ಮೊದಲ ಕೂಸು ಎಷ್ಟನೆಯ ವಯಸ್ಸಿಗೆ? ಮೂವತ್ತೆರಡು. ಯಾಕಿಷ್ಟು ತಡ? ಅದನ್ನು ಡಾಕ್ಟರು ಕೇಳಲಿಲ್ಲ, ಅವಳ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿನಗಾದರೂ ಗೊತ್ತಿರಲಿ. ನಮ್ಮಪ್ಪ ತೀರಿಕೊಂಡ ಮೇಲೆ ನನ್ನ ನೌಕರಿಯಿಂದಲೇ ಮನೆ ನಡೆಯುತ್ತಿತ್ತು. ಗದಗ, ಬಾಗಲಕೋಟೆ, ಸೊಲ್ಲಾಪುರ ಎಲ್ಲ ಕಡೆಯಿಂದ ವರಗಳು ಬಂದವು. ಉಪ್ಪಿಟ್ಟು ತಿಂದು, ಚಹಾ ಕುಡಿದು, "ರಾತ್ರಿ ಹೊರಗ ಇರೋ ಹುಡುಗಿ ನಮಗ ಬ್ಯಾಡ್ರಿ" ಎಂದು ಎದ್ದು ಹೋದರು. ನಿನ್ನ ಅಪ್ಪ ನೋಡಲು ಬಂದಾಗ ಒಂದೇ ಮಾತು ಕೇಳಿದರು: "ರಾತ್ರಿ ಪಾಳಿ ಇದ್ದಾಗ ನೀವು ನಿದ್ದಿ ಯಾವಾಗ ಮಾಡ್ತೀರಿ?" ಹಾಗೆ ಯಾರೂ ಕೇಳಿರಲಿಲ್ಲ. ನಾನು ಒಪ್ಪಿದ್ದು ಅದಕ್ಕೇ.

ಕೂಸಿಗೆ ಎಷ್ಟು ದಿನ ಹಾಲು ಕೊಟ್ಟಿರಿ? ಹೆರಿಗೆಗೆ ಮುಂಚೆ ರಕ್ತದೊತ್ತಡ ಏರಿ ಅರ್ಧ ರಜೆ ಮಲಗಿಯೇ ಕಳೆದಿತ್ತು. ಎರಡನೆಯ ತಿಂಗಳಿಗೇ ಕೆಲಸಕ್ಕೆ ಹೋಗಬೇಕಾಯಿತು. ಬೋರ್ಡಿನ ಮುಂದೆ ಕೂತು ಬಾಂಬೆಯವರಿಗೆ ರಾಯಪುರ ಜೋಡಿಸುವಾಗ ಯಾವುದೋ ಲೈನಿನಲ್ಲಿ ಕೂಸು ಅತ್ತರೆ ಸಾಕು, ನನ್ನ ರವಿಕೆ ತೋಯುತ್ತಿತ್ತು, ಸೆರಗೂ ತೋಯುತ್ತಿತ್ತು. ಮೇಲಿನ ಅಧಿಕಾರಿ ಕಂಡು, ಕಪ್ಪು ಬಣ್ಣದ ಸೀರೆ ಉಟ್ಟು ಬಾ ಎಂದ. ರಜೆ ಕೊಡಲಿಲ್ಲ, ಸೀರೆಯ ಬಣ್ಣ ಹೇಳಿದ. ಹಾಲು ತಾನಾಗಿಯೇ ಬತ್ತಿತು. ನಿನಗೆ ಡಬ್ಬಿಯ ಹಾಲಾಯಿತು.

ಮುಟ್ಟು ನಿಂತದ್ದು? ಐವತ್ತನಾಲ್ಕಕ್ಕೆ. ಆಮೇಲೆ ಹಾರ್ಮೋನಿನ ಮಾತ್ರೆ ಏನಾದರೂ? ಹೌದು, ಐದು ವರ್ಷಕ್ಕೂ ಹೆಚ್ಚು. ಆಕೆಯ ಪೆನ್ನು ನಿಂತಿತು.

ನಾನು ಬಿಡಲಿಲ್ಲ, ಬಿಡಿಸಿ ಹೇಳಿ ಎಂದೆ. ತಾಳ್ಮೆಯಿಂದ ಹೇಳಿದಳು. ತಿಂಗಳು ತಿಂಗಳು ಮೈಯಲ್ಲಿ ಏರಿಳಿಯುವ ಹಾರ್ಮೋನು ಎದೆಯೊಳಗಿನ ಕಣಗಳನ್ನು ಬೆಳೆಸುತ್ತ ಒಡೆಯಿಸುತ್ತ ಇರುತ್ತದಂತೆ. ಮುಟ್ಟು ಬೇಗ ಶುರುವಾಗಿ ತಡವಾಗಿ ನಿಂತರೆ ಅಷ್ಟು ಹೆಚ್ಚು ವರ್ಷ ಆ ಕೆಲಸ ನಡೆಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಬಸಿರಾಗಿ ಹೆತ್ತರೆ ಆ ಕಣಗಳು ಬಲಿತು ಗಟ್ಟಿಯಾಗುತ್ತವೆ, ಹಾಲೂಡಿಸಿದರೆ ಇನ್ನಷ್ಟು ರಕ್ಷಣೆ. ತಾನೇ ನಿಂತ ಹಾರ್ಮೋನನ್ನು ಹೊರಗಿನಿಂದ ವರ್ಷಗಟ್ಟಲೆ ಕೊಟ್ಟರೆ ಅಪಾಯ ಮತ್ತೆ ಸ್ವಲ್ಪ ಏರುತ್ತದೆ. ಕೇಳುತ್ತ ಕೂತಿದ್ದಂತೆ, ಹನ್ನೊಂದರಿಂದ ಅರವತ್ತರವರೆಗಿನ ನನ್ನ ಬಾಳನ್ನೇ ಕೋರ್ಟಿನಲ್ಲಿ ಓದಿದಂತಾಯಿತು. ಎಲ್ಲದರಲ್ಲೂ ನನ್ನದೇ ತಪ್ಪು, ಯಾವುದೂ ನನ್ನ ಕೈಯಲ್ಲಿರಲಿಲ್ಲ.

"ಹಾಗಾದರೆ ನನಗೆ ಬಂದದ್ದು ಯಾವುದರಿಂದ?" ಎಂದೆ.

ಆಕೆ ಪೆನ್ನು ಕೆಳಗಿಟ್ಟು ಹಿಂದಿಯಲ್ಲಿ ಹೇಳಿದಳು: "ಏಕ್ ಔರತ್ ಕೇ ಬಾರೇ ಮೇ ಕೋಯೀ ನಹೀ ಬತಾ ಸಕ್ತಾ, ಮಾಜೀ." ಒಬ್ಬ ಹೆಂಗಸಿಗೆ ಯಾಕೆ ಬಂತೆಂದು ಯಾರೂ ಹೇಳಲಾರರು. ಸಾವಿರ ಹೆಂಗಸರನ್ನು ಒಟ್ಟಿಗೆ ನೋಡಿದರೆ ಮಾತ್ರ ಇದು ಕಾಣುತ್ತದೆ, ಇದ್ಯಾವುದೂ ಇಲ್ಲದವರಿಗೂ ಬರುತ್ತದೆ, ಎಲ್ಲ ಇದ್ದವರಿಗೂ ಬಾರದೆ ಹೋಗುತ್ತದೆ ಎಂದಳು. ಅದು ನಿಜವೇ. ನನ್ನ ಪಕ್ಕದ ಮಂಚದಲ್ಲಿ ಕಾಮಠಿಯ ನೇಕಾರರ ಮನೆಯ ಹೆಂಗಸಿದ್ದಳು. ಹದಿನೇಳಕ್ಕೇ ಮೊದಲ ಕೂಸು, ಒಟ್ಟು ಐದು, ಎಲ್ಲಕ್ಕೂ ಎರಡೆರಡು ವರ್ಷ ಹಾಲು. ಅವಳ ಎದೆಯಿಂದಲೂ ನನ್ನಂಥದೇ ನಳಿಕೆ ಇಳಿಬಿದ್ದಿತ್ತು.

ಇಷ್ಟನ್ನು ನಿನ್ನ ವಾಸಂತಿ ಅತ್ತೆಗೆ ಯಾರು ತಿಳಿಸಿ ಹೇಳಬೇಕು? ಅಣ್ಣನ ಮನೆಗೆಂದು ಗದಗಿನಿಂದ ಬಂದವಳು ಎಂಟು ದಿನ ಇದ್ದಳು. ನಿನ್ನ ಅಪ್ಪ ಡಾಕ್ಟರು ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿಬಿಟ್ಟಿದ್ದರು. ಅವಳು ನನ್ನ ಮಂಚದ ತುದಿಯಲ್ಲಿ ಕೂತು, ಬಾಗಿಲಲ್ಲಿ ನಿಂತ ಉಮಾಕಾಂತರ ಹೆಂಡತಿಗೆ ಕೇಳುವಂತೆ, "ಕೂಸಿನ ಬಾಯಾಗಿಂದ ಎದಿ ಕಸಗೊಂಡು ನೌಕರಿಗೆ ಓಡಿದ್ಲು ನೋಡ್ರಿ. ದೇವರು ಈಗ ಅದನ್ನs ಕಸಗೊಂಡ" ಎಂದಳು. ನಿನ್ನ ಅಪ್ಪ ಅಲ್ಲೇ ಕಿತ್ತಳೆ ಸುಲಿಯುತ್ತಿದ್ದರು. ಮುಂದಿನ ಹಣ್ಣು ಎತ್ತಿಕೊಂಡರು. ನಾನೇ ಹೇಳಿದೆ, "ವಾಸಂತಿ, ಆ ನೌಕರಿಯಿಂದs ನಿನ್ನ ಬಾಣಂತನ ಎರಡು ಸಲ ಈ ಮನ್ಯಾಗ ಆಗೇದ, ನೆನಪೈತೇನು?" ಅವಳು ಸೆರಗು ಕೊಡವಿ ಎದ್ದು ಹೋದಳು. ಗೆದ್ದೆನೆಂಬ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ. ಬಟ್ಟೆ ಬದಲಿಸುವಾಗ ಅವಳ ಮಾತು ಗಾಯದ ಪಟ್ಟಿಯ ಕೆಳಗೆ ಚುಚ್ಚುತ್ತಿತ್ತು.

ಇನ್ನು ಮಾತ್ರೆಯ ವಿಷಯ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ನೀನು ಅದನ್ನೇ ಹುಡುಕುತ್ತೀ.

ಸುಳ್ಳು ಹೇಳಲಾರೆ, ಆ ಮಾತ್ರೆ ನನಗೆ ನಿದ್ದೆ ತಂದಿತ್ತು. ಮುಟ್ಟು ನಿಂತ ವರ್ಷ ನೆನಪಿದೆಯೇ? ಮೈ ಇದ್ದಕ್ಕಿದ್ದಂತೆ ಒಲೆಯ ಹಾಗೆ ಕಾಯುತ್ತಿತ್ತು, ಬೆವರಿಗೆ ಹಾಸಿಗೆ ನೆನೆಯುತ್ತಿತ್ತು. ಸಣ್ಣದಕ್ಕೆಲ್ಲ ಅಳು. ನೀನು ಆಗ ತಾನೇ ಔಷಧ ಕಂಪನಿಗೆ ಸೇರಿದ್ದೆ. ನಾಗಪುರದಲ್ಲಿ ಸ್ಕೂಟಿಯ ಮೇಲೆ ಬ್ಯಾಗು ಕಟ್ಟಿಕೊಂಡು ಡಾಕ್ಟರುಗಳ ಬಾಗಿಲು ತಟ್ಟುವ ಹುಡುಗಿಯರು ಎಷ್ಟಿದ್ದರು? ನನಗೆ ಹೆಮ್ಮೆಯೋ ಹೆಮ್ಮೆ. ಒಂದು ಸಂಜೆ ಆ ಬ್ಯಾಗಿನಿಂದ ಒಂದು ಪಟ್ಟಿ ಮಾತ್ರೆ ತೆಗೆದು ನನ್ನ ಅಂಗೈಗೆ ಹಾಕಿದೆ. "ಆಯಿ, ಇದು ತಗೋ. ಹೀಂಗ ನರಳೂದು ಯಾಕ? ಡಾಕ್ಟರಬಾಯಿಗೆ ನಾನು ಕೇಳೀನಿ, ಚಲೋ ಐತಿ ಅಂದಾರ." ಹದಿನೈದು ದಿನದಲ್ಲಿ ಬೆವರು ನಿಂತಿತು. ನಾನು ಮಲಗಿದೆ, ಮಗಳೇ. ಎಷ್ಟೋ ವರ್ಷಗಳ ಮೇಲೆ ಬೆಳಗಿನ ತನಕ ಮಲಗಿದೆ. ನನ್ನ ನಿದ್ದೆಯ ಚಿಂತೆ ಮಾಡಿದವರು ಇಬ್ಬರೇ, ನಿನ್ನ ಅಪ್ಪ ಮತ್ತು ನೀನು. ಅದನ್ನು ಮರೆಯುವಷ್ಟು ಕೃತಘ್ನಳಲ್ಲ.

ಹೋದ ವರ್ಷ ಜುಲೈನಲ್ಲಿ ಪೇಪರಿನಲ್ಲಿ ಬಂತು. ಅಮೆರಿಕದಲ್ಲಿ ಸಾವಿರಾರು ಹೆಂಗಸರಿಗೆ ಇಂಥದೇ ಮಾತ್ರೆ ಕೊಟ್ಟು ನೋಡುತ್ತಿದ್ದರು, ಎದೆಯ ಕ್ಯಾನ್ಸರು ಹೆಚ್ಚು ಕಂಡದ್ದರಿಂದ ನಡುವೆಯೇ ನಿಲ್ಲಿಸಿದರು ಎಂದು. ನಿನ್ನ ಅಪ್ಪ ಓದಿ ಹೇಳಿದರು. ನಾನು ನಿನಗೆ ಪುಣೆಗೆ ಫೋನು ಮಾಡಿದೆ. ನೀನು ನಕ್ಕೆ. "ಆಯಿ, ಅವರು ಅಮೆರಿಕದ ದಪ್ಪ ಹೆಂಗಸರು. ನಮ್ಮ ಹೆಂಗಸರ ಮೈನs ಬ್ಯಾರೆ. ನೀ ತಗೋ, ಏನೂ ಆಗೂದಿಲ್ಲ" ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅವತ್ತು ಅದನ್ನು ಹಲವರಿಗೆ ಹೇಳಿ ಮುಗಿಸಿದ್ದೀ ಅನ್ನಿಸಿತು. ಆದರೂ ನೀನು ಹೇಳಿದ್ದೆಂದು ತೆಗೆದುಕೊಂಡೆ. ಜನವರಿಯಲ್ಲಿ ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿತು.

ಮಾತ್ರೆಯಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ಡಾಕ್ಟರೇ ಹೇಳಲಾರದ್ದನ್ನು ನಾನು ಹೇಗೆ ಹೇಳಲಿ? "ಮಾತ್ರೆ ಯಾರು ಕೊಟ್ಟರು?" ಎಂದು ಡಾಕ್ಟರ್ ವಸುಧಾ ಕೇಳಿದಾಗ "ಒಬ್ಬ ಡಾಕ್ಟರಬಾಯಿ" ಎಂದೆ. ನಿನ್ನ ಅಪ್ಪ ನನ್ನ ಮುಖ ನೋಡಿದರು. ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು, ಆಟೋ ನಿಂತಿತ್ತು.

"ಖರೇ ಯಾಕ ಹೇಳಲಿಲ್ಲ?" ಎಂದರು.

"ಮಗಳು ಕೊಟ್ಲು ಅಂತ ಹೇಳ್ಲೇನು?"

ಗೂಡ್ಸು ಗಾಡಿ ಹೋಗುತ್ತಲೇ ಇತ್ತು. ಅದು ಮುಗಿದ ಮೇಲೆ, "ಅಕಿ ಪ್ರೀತಿಲೆ ಕೊಟ್ಟಾಳ" ಎಂದರು. ಆಮೇಲೆ ಆಟೋದ ಹೊರಗೆ ಮುಖ ಹಾಕಿ ಅತ್ತರು. ಡ್ರೈವರನು ಕನ್ನಡಿಯಲ್ಲಿ ನೋಡಿ, ಏನಾಯಿತು ಬಾಬೂಜಿ ಎಂದು ಕೇಳಿದ. "ಧೂಳ್" ಎಂದರು.

ಈಗ ಬೇರೊಂದು ಮಾತ್ರೆ ಕೊಟ್ಟಿದ್ದಾರೆ. ನನ್ನ ಗಂಟು ಹಾರ್ಮೋನು ಉಂಡು ಬೆಳೆಯುವ ಜಾತಿಯದಂತೆ, ಇದು ಅದರ ಬಾಯಿ ಮುಚ್ಚುತ್ತದಂತೆ. ಇದೂ ಐದು ವರ್ಷ. ಐದು ವರ್ಷ ತುಂಬಿದ್ದನ್ನು ಐದು ವರ್ಷ ತಡೆಯುವುದು. ಇದನ್ನು ತೆಗೆದುಕೊಂಡರೆ ಆ ಹಳೆಯ ಬಿಸಿ, ಆ ಬೆವರು ಮತ್ತೆ ಬರುತ್ತದೆ. ಬಂದಿದೆ. ಅದಕ್ಕೆ ಔಷಧ ಕೇಳಲು ಈಗ ಬಾಯಿ ಬರುವುದಿಲ್ಲ.

ನಿನಗೆ ಹೇಳಬೇಕಾದ ಮುಖ್ಯ ಮಾತು ಇದು. ತಾಯಿಗೆ ಬಂದರೆ ಮಗಳು ಎಚ್ಚರವಾಗಿರಬೇಕು ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ. ಪುಣೆಯಲ್ಲಿ ಒಳ್ಳೆಯ ಡಾಕ್ಟರಿಗೆ ತೋರಿಸು, ಎಷ್ಟು ವರ್ಷಕ್ಕೊಮ್ಮೆ ಏನು ಪರೀಕ್ಷೆ ಬೇಕೆಂದು ಕೇಳು. ನನಗೆ ಬಂದದ್ದನ್ನು ಮುಚ್ಚಿಡಬೇಡ. ಗಿರಿಧರನ ತಾಯಿ ಕೂಸಿನ ಮಾತು ಎತ್ತುತ್ತಾರೆಂದು ನೀನೇ ಹೇಳಿದ್ದೆ. ಬೇಗ ಹೆತ್ತರೆ ರೋಗ ಬಾರದು ಎಂದು ಯಾರಾದರೂ ಹೆದರಿಸಿದರೆ ಹೆದರಿ ಹೆರಬೇಡ. ಬೇಕೆನ್ನಿಸಿದಾಗ ಹೆರು. ಹೆತ್ತರೆ ಕೂಸಿಗೆ ಹಾಲೂಡಿಸುವಷ್ಟು ರಜೆಯನ್ನು ಜಗಳವಾಡಿಯಾದರೂ ತೆಗೆದುಕೋ. ಯಾರಾದರೂ ಸೀರೆಯ ಬಣ್ಣ ಹೇಳಲು ಬಂದರೆ ಮುಖದ ಮೇಲೆ ಬಾಗಿಲು ಹಾಕು.

ಅಪ್ಪನಿಗೆ ವಾರಕ್ಕೊಮ್ಮೆಯಾದರೂ ಫೋನು ಮಾಡು. ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿಲಲ್ಲಿ ಅಲೆಯಬೇಡ. ಗಿರಿಧರನಿಗೆ ನನ್ನ ಆಶೀರ್ವಾದ ತಿಳಿಸು. ಎಲ್ಲಿದ್ದರೂ ನಿನ್ನ ಮೈಯಲ್ಲಿ ಆರೋಗ್ಯವಿರಲಿ, ಮುಡಿಯಲ್ಲಿ ಹೂವಿರಲಿ.

ನಿನ್ನ ಆಯಿ,
ಸತ್ಯಭಾಮಾ

ತಾ. ಕ.: ಇದನ್ನು ಬರೆಯಬಾರದೆಂದು ಕಾಗದ ಮಡಿಚಿಟ್ಟಿದ್ದೆ. ಮತ್ತೆ ಬಿಚ್ಚಿದೆ.

ದೀಪಾವಳಿಗೆ ಕಂಪನಿಯ ಕೆಲಸಕ್ಕೆ ಗೋವೆಗೆ ಹೋಗುತ್ತೇನೆ, ಬರಲಾಗುವುದಿಲ್ಲ ಎಂದಿದ್ದೆ. ಹಬ್ಬ ಕಳೆದ ಮುಂದಿನ ವಾರ ನನಗೆ ಸ್ವಲ್ಪ ರಕ್ತ ಕಾಣಿಸಿಕೊಂಡಿತು. ಈ ಹೊಸ ಮಾತ್ರೆ ಗರ್ಭಕೋಶದ ಒಳಪದರಕ್ಕೆ ತೊಂದರೆ ಕೊಡಬಹುದು, ರಕ್ತ ಕಂಡರೆ ತಡ ಮಾಡಬೇಡಿ ಎಂದು ಡಾಕ್ಟರ್ ವಸುಧಾ ಮೊದಲೇ ಹೇಳಿದ್ದಳು. ಧಂತೋಲಿಯ ಒಬ್ಬ ಹೆಂಗಸರ ಡಾಕ್ಟರಲ್ಲಿಗೆ ಕಳಿಸಿದಳು. ಗಾಬರಿಯಾಗಬೇಡ, ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಸಿಗಲಿಲ್ಲ. ನಿನ್ನ ಅಪ್ಪ ಹೊರಗೆ ಔಷಧದ ಅಂಗಡಿಗೆ ಹೋಗಿದ್ದರು. ನಾನು ಪರೀಕ್ಷೆ ಮುಗಿಸಿ, ಆ ಕೋಣೆಯಲ್ಲೇ ಹಸಿರು ಪರದೆಯ ಹಿಂದೆ ಸೀರೆ ಉಟ್ಟುಕೊಳ್ಳುತ್ತಿದ್ದೆ. ಬಾಗಿಲು ತೆರೆಯಿತು, ಕಂಪನಿಯವರು ಬಂದಿದ್ದಾರೆ ಎಂದು ನರ್ಸ್ ಹೇಳಿದಳು. ಆಮೇಲೆ ನಿನ್ನ ದನಿ ಕೇಳಿತು.

ನಾಗಪುರಕ್ಕೆ ಬಂದಿದ್ದೀ, ಮನೆಗೆ ಬಂದಿಲ್ಲ. ಅದನ್ನಾದರೂ ನುಂಗುತ್ತಿದ್ದೆ.

ನೀನು ಆ ಹಳೆಯ ಮಾತ್ರೆಯ ಹೆಸರು ಹೇಳಿದೆ. ಡಾಕ್ಟರಬಾಯಿ ನಕ್ಕು, "ಇತನಾ ಸಬ್ ಛಪನೇ ಕೇ ಬಾದ್? ತುಮ್ ಅಪನೀ ಮಾ ಕೋ ದೋಗೀ ಕ್ಯಾ?" ಎಂದು ಕೇಳಿದಳು. ಇಷ್ಟೆಲ್ಲ ಪೇಪರಿನಲ್ಲಿ ಬಂದ ಮೇಲೆ ನಿನ್ನ ತಾಯಿಗೆ ಕೊಡುತ್ತೀಯಾ ಎಂದು.

ನೀನು ತಡಮಾಡಲಿಲ್ಲ, ತೊದಲಲಿಲ್ಲ. "ಮೇರೀ ಮಾ ಛೇ ಸಾಲ್ ಸೇ ಲೇ ರಹೀ ಹೈ, ಮ್ಯಾಡಮ್. ಏಕದಮ್ ಫಿಟ್ ಹೈ." ನನ್ನ ತಾಯಿ ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ ಎಂದು.

ನಾನು ನೆರಿಗೆ ಹಿಡಿದುಕೊಂಡು ಹಾಗೆಯೇ ನಿಂತೆ. ಕೆಮ್ಮು ಬಂತು, ಸೆರಗು ಬಾಯಿಗೆ ತುರುಕಿಕೊಂಡೆ. ನೀನು ಮತ್ತೆ ಏನೇನೋ ಹೇಳಿದೆ, ಕುರ್ಚಿ ಸರಿಸಿದೆ, ನಿನ್ನ ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿಯಿತು. ಡಾಕ್ಟರಬಾಯಿ ಪರದೆ ಸರಿಸಿ, "ಹೋ ಗಯಾ, ಮಾಜೀ?" ಎಂದಳು. ಸೀರೆ ಉಟ್ಟದ್ದಾಯಿತೇ ಎಂದು ಅವಳು ಕೇಳಿದ್ದು.

ಆಯಿತು ಎಂದೆ.